ಕಾಯುವ ಕೆಲಸ

ಎಂಟನೆಯ ತರಗತಿಯ ಮಕ್ಕಳಿಗೆ ಅವತ್ತು ನಾನಾರ್ಥ ಪದಗಳ ಪಾಠ. ಅರಸು, ನೆರೆ, ಕರೆ ಎಲ್ಲ ಮುಗಿದ ಮೇಲೆ ಬೋರ್ಡಿನ ಮೇಲೆ 'ಕಾಯು' ಎಂದು ಬರೆದೆ. ಮಕ್ಕಳಿಗೆ ಇದು ಸುಲಭದ ಪದ. "ಬಸ್ಸಿಗೆ ಕಾಯೋದು ಮಿಸ್" ಎಂದಿತು ಒಂದು. "ದನ ಕಾಯೋದು" ಎಂದಿತು ಇನ್ನೊಂದು. "ನೀರು ಕಾಯೋದು" ಎಂದು ಮತ್ತೊಂದು. ಮೂರು ಅರ್ಥವೂ ಬಂತಲ್ಲ, ಮುಂದಿನ ಪದಕ್ಕೆ ಹೋಗೋಣವೆಂದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಬ್ಯಾರನ್ ಕಾಯೋದು ಮಿಸ್" ಎಂದಳು. ಉಳಿದವರು ನಕ್ಕರು. ನಾನು, "ಅದು ಈ ಮೂರರಲ್ಲಿ ಯಾವುದಕ್ಕೆ ಸೇರುತ್ತೆ ಹೇಳು" ಎಂದೆ. ಅವಳು ಬೋರ್ಡನ್ನೇ ಒಂದು ಗಳಿಗೆ ನೋಡಿ, "ಮೂರೂ ಮಿಸ್" ಎಂದಳು.

ಸರಿಯಾಗಿಯೇ ಹೇಳಿದ್ದಳು. ಆದರೆ ಆ ಉತ್ತರ ಕೇಳಿದ ಮೇಲೆ ನನಗೆ ಪಾಠ ಮುಂದುವರಿಸಲಾಗಲಿಲ್ಲ. ಐದು ಪದ ಕೊಟ್ಟು ವಾಕ್ಯ ಮಾಡಿ ಎಂದು ಹೇಳಿ ಕುರ್ಚಿಯಲ್ಲಿ ಕುಳಿತೆ.

ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯವರಿಗೆ ಬ್ಯಾರನ್ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ವರ್ಜೀನಿಯಾ ಹೊಗೆಸೊಪ್ಪನ್ನು ಬೇಯಿಸುವ ಎತ್ತರದ ಮನೆ ಅದು. ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ಒಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಟ್ಟುತ್ತಾರೆ. ಒಳಗಿನ ತಗಡಿನ ಕೊಳವೆಗಳು ಕಾದು ಎಲೆಗೆ ಶಾಖ ತಾಗುತ್ತದೆ. ಐದಾರು ದಿನದ ಕೆಲಸ. ಮೊದಲು ಎಲೆ ಹಳದಿಗೆ ತಿರುಗುವಷ್ಟು ಹದವಾದ ಶಾಖ, ಆಮೇಲೆ ಬಣ್ಣ ನಿಲ್ಲುವಷ್ಟು, ಕೊನೆಗೆ ಎಲೆಯ ನಡುವಿನ ದಂಟು ಒಣಗಲು ಫ್ಯಾರನ್‌ಹೀಟ್ ಲೆಕ್ಕದಲ್ಲಿ 160 ಡಿಗ್ರಿಯವರೆಗೆ. ಶಾಖ ಹದ ತಪ್ಪಿದರೆ ಸೊಪ್ಪು ಕೆಡುತ್ತದೆ. ಸೌದೆ ಮಿತಿಮೀರಿ ಕೊಳವೆ ಕೆಂಪಾದರೆ, ಗರಿಗರಿಯಾದ ಒಂದೇ ಒಂದು ಎಲೆ ಉದುರಿ ಅದರ ಮೇಲೆ ಬಿದ್ದರೂ ಸಾಕು, ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ರಾತ್ರಿಯೆಲ್ಲ ಒಬ್ಬರು ಎದ್ದಿದ್ದು ಕಾಯಬೇಕು. ಬ್ಯಾರನ್ ಕಾಯುತ್ತಿರುತ್ತದೆ, ನಾವು ಅದನ್ನು ಕಾಯುತ್ತಿರುತ್ತೇವೆ, ಬೆಳಗಾಗಲೆಂದೂ ಕಾಯುತ್ತಿರುತ್ತೇವೆ.

1994ರ ಆಗಸ್ಟ್ ತಿಂಗಳ ಒಂದು ರಾತ್ರಿ ನಮ್ಮ ಬ್ಯಾರನ್ ಹೊತ್ತಿಕೊಂಡಿತು. ಐದನೆಯ ರಾತ್ರಿ, ಅಂದರೆ ದಂಟು ಒಣಗುವ ಹೊತ್ತು. ಕಾಯಲು ಕೂತಿದ್ದವನು ನನ್ನ ತಮ್ಮ. ಅವನಿಗೆ ಆಗ ಇಪ್ಪತ್ತು ವರ್ಷ. ಪಿ.ಯು.ಸಿ.ಯಲ್ಲಿ ಎರಡು ವಿಷಯ ಉಳಿದಿದ್ದವು. ಹಗಲೆಲ್ಲ ಹೊಲದಲ್ಲಿ ಸೊಪ್ಪು ಮುರಿದು, ಹೊತ್ತು, ರಾತ್ರಿ ಕಾಯಲು ಕೂತವನು ಗೋಡೆಗೆ ಒರಗಿ ನಿದ್ದೆಹೋಗಿದ್ದ. ಊರಿನವರು ಕೊಡ, ಬಿಂದಿಗೆ ಹಿಡಿದು ಓಡಿಬಂದರೂ ಉಳಿದದ್ದು ಗೋಡೆ ಮಾತ್ರ. ಸೊಪ್ಪಿನ ಮೇಲೆ ಸಾಲವಿತ್ತು. ಅಪ್ಪ ಊರಿನವರೆಲ್ಲರ ಎದುರಿಗೇ ಅವನ ಕೆನ್ನೆಗೆ ಹೊಡೆದು, "ಒಂದು ರಾತ್ರಿ ಕಾಯೋಕಾಗದವನು ಈ ಮನೇಲಿ ಯಾಕೋ ಇದ್ದೀಯ?" ಎಂದರು. ತಮ್ಮ ಏನೂ ಹೇಳಲಿಲ್ಲ. ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಅವನು ಹತ್ತಿದ್ದನ್ನು ಅಂಗಡಿಯವರು ನೋಡಿದ್ದರು. ಅದೇ ಕೊನೆ. ಇವತ್ತಿನವರೆಗೂ ನಾವು ಅವನನ್ನು ನೋಡಿಲ್ಲ.

ಅಂದಿನಿಂದ 2021ರ ಜನವರಿಯಲ್ಲಿ ಕಣ್ಣು ಮುಚ್ಚುವವರೆಗೆ, ಇಪ್ಪತ್ತಾರು ವರ್ಷ, ನಮ್ಮವ್ವ ಅವನಿಗಾಗಿ ಕಾದಳು. ಅಷ್ಟು ವರ್ಷವೂ ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ಬರುವುದಿಲ್ಲವೆಂದು ಎಲ್ಲರಿಗೂ ತೋರುತ್ತಿರುವವನಿಗಾಗಿ ಕಾಯುವುದು ವಿಶ್ವಾಸವೋ, ಮೊಂಡುತನವೋ? ಹಾಗೆ ಕಾಯುವವರಿಗೆ 'ಇನ್ನು ಸಾಕು' ಎನ್ನುವುದು ಕರುಣೆಯೋ, ಕ್ರೌರ್ಯವೋ? ನಿಮ್ಮಲ್ಲಿ ಅನೇಕರು ಬೇರೆ ಯಾವುದಕ್ಕೋ ಕಾಯುತ್ತಿರಬಹುದು. ಮಗಳ ಮದುವೆಗೆ, ಮಡಿಲು ತುಂಬುವುದಕ್ಕೆ, ಕುಡಿತ ಬಿಟ್ಟು ಮನೆಗೆ ಬರುವ ಗಂಡನಿಗೆ, ಆಸ್ಪತ್ರೆಯ ವರದಿಗೆ. ಕಾರಣ ಬೇರೆಯಾದರೂ ಈ ಪ್ರಶ್ನೆ ನಿಮ್ಮನ್ನೂ ಒಂದಲ್ಲ ಒಂದು ರಾತ್ರಿ ಎಬ್ಬಿಸಿರಬಹುದು.

ನಾವು ಕಥೋಲಿಕ ಕ್ರೈಸ್ತರು. ಪೂಜೆ ಬೇರೆಯೇ ಹೊರತು ಹೊಲ, ಸಾಲ, ಮಳೆಯ ಚಿಂತೆ ಎಲ್ಲ ಊರಿನವರದ್ದೇ. ತಮ್ಮ ಹೋದ ಮೇಲೆ ಎಲ್ಲರೂ ಮಾಡುವುದನ್ನೆಲ್ಲ ನಾವೂ ಮಾಡಿದೆವು. ಪೊಲೀಸು ಠಾಣೆ, ನೆಂಟರ ಮನೆಗಳು, ಬೆಂಗಳೂರಿನ ಹೋಟೆಲುಗಳು, ಕೊಡಗಿನ ಕಾಫಿ ತೋಟದ ಲೈನುಗಳು. ಪತ್ರಿಕೆಗೆ ಫೋಟೋ ಕೊಡುವಾಗ ಚಿಕ್ಕಪ್ಪ, "ತಾಯಿ ಹಾಸಿಗೆ ಹಿಡಿದಿದ್ದಾರೆ, ಕೂಡಲೇ ಬಾ ಅಂತ ಹಾಕ್ಸೋಣ, ಓಡಿಬರ್ತಾನೆ" ಎಂದರು. ಅವ್ವ ಒಪ್ಪಲಿಲ್ಲ. "ನಾನು ಚೆನ್ನಾಗೇ ಇದ್ದೀನಲ್ಲ. ಸುಳ್ಳು ಹೇಳಿ ಕರೀಬ್ಯಾಡಿ. ಬಂದ್ ಮೇಲೆ ಅವನ ಮುಖ ಹೆಂಗೆ ನೋಡ್ಲಿ?" ಎಂದಳು. ಆಗ ನನಗೆ ಸಿಟ್ಟು ಬಂದಿತ್ತು. ಆ ಮಾತಿನ ತೂಕ ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

ಅವ್ವನ ಕಾಯುವಿಕೆಯಲ್ಲಿ ಗೋಳಾಟ ಇರಲಿಲ್ಲ. ರಾತ್ರಿ ಮುದ್ದೆ ಕಟ್ಟುವಾಗ ಒಂದು ಹೆಚ್ಚು ಕಟ್ಟುತ್ತಿದ್ದಳು. ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ತಾನೇ ಕುಡಿಯುತ್ತಿದ್ದಳು. ಮನೆಗೆ ಸುಣ್ಣ ಬಳಿಸಿದರೂ ಬಾಗಿಲಿನ ಬಣ್ಣ ಬದಲಿಸಲು ಬಿಡಲಿಲ್ಲ. ತಿಂಗಳಿಗೊಂದು ಮಂಗಳವಾರ ಬಸ್ಸು ಹಿಡಿದು ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಗೆ ಹೋಗಿ ಸಂತ ಅಂತೋಣಿಯವರ ಮುಂದೆ ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು.

ಡೋರ್ನಹಳ್ಳಿಯನ್ನು ನಮ್ಮ ಕಡೆ ತಿಳಿಯದವರಿಲ್ಲ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಗೌರವವೂ ಸಿಕ್ಕಿತು. ಸಂತ ಅಂತೋಣಿಯವರು ಹುಟ್ಟಿದ್ದು 1195ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ, ತೀರಿಕೊಂಡದ್ದು 1231ರಲ್ಲಿ ಇಟಲಿಯ ಪಾದುವಾದಲ್ಲಿ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತರೆಂದು ಲೋಕದ ಎಲ್ಲ ಕಡೆಯೂ ಅವರನ್ನು ನೆನೆಯುತ್ತಾರೆ. ಅಷ್ಟು ದೂರದವರು ನಮ್ಮ ಹೊಲಕ್ಕೆ ಬಂದ ಕಥೆ ಹೀಗೆ ಹೇಳುತ್ತಾರೆ. ರೈತನೊಬ್ಬ ಉಳುವಾಗ ನೇಗಿಲಿಗೆ ಮರದ ಪ್ರತಿಮೆಯೊಂದು ಸಿಕ್ಕಿತು. ಬೊಂಬೆಯೆಂದು ತಿಳಿದು ಮಕ್ಕಳಿಗೆ ಆಡಲು ಕೊಟ್ಟ. ಆಮೇಲೆ ಸಂತರು ಕನಸಿನಲ್ಲಿ ಬಂದು ತನಗೊಂದು ಗುಡಿ ಕಟ್ಟಲು ಕೇಳಿದರಂತೆ. ಈ ಕಥೆಯನ್ನು ನಾನು ಹುಡುಗಿಯಾಗಿದ್ದಾಗ ಪವಾಡದ ಕಥೆಯೆಂದು ಕೇಳುತ್ತಿದ್ದೆ. ಅವ್ವ ಅದನ್ನು ಬೇರೆ ಥರ ಕೇಳಿಸಿಕೊಂಡಿದ್ದಳು. ಒಂದು ಸಲ ಬಸ್ಸಿನಲ್ಲಿ ಹಿಂದಿರುಗುವಾಗ, "ಕಳೆದಿದ್ದನ್ನ ಹುಡುಕಿಕೊಡೋರು ಅಂತೀವಿ. ಅವರೇ ಎಷ್ಟು ವರ್ಷ ಮಣ್ಣಲ್ಲಿ ಬಿದ್ದಿದ್ರೋ, ಯಾರೂ ಹುಡುಕ್ದೆ" ಎಂದಳು.

ಕಾಯುವವರ ಮನೆಗೆ ಸಮಾಧಾನ ಹೇಳುವವರು ಬಹಳ ಮಂದಿ ಬರುತ್ತಾರೆ. ಒಬ್ಬರು ಉತ್ತರ ದಿಕ್ಕಿನಲ್ಲಿದ್ದಾನೆ ಎಂದು ಹೇಳಿ ಹೋದರು. ಪ್ರಾರ್ಥನೆ ನಡೆಸುವವರೊಬ್ಬರು ಬಂದು, ನಲವತ್ತು ದಿನ ಉಪವಾಸ ಮಾಡಿದರೆ ನಲವತ್ತೊಂದನೆಯ ದಿನ ಮಗ ಬಾಗಿಲಲ್ಲಿ ನಿಂತಿರುತ್ತಾನೆ ಎಂದು ಮಾತು ಕೊಟ್ಟರು. ಅವ್ವ ಒಂದು ಹೊತ್ತು ಊಟ ಬಿಟ್ಟಳು. ಕಾಣಿಕೆಯನ್ನೂ ಕೊಟ್ಟಳು. ನಲವತ್ತೊಂದನೆಯ ದಿನ ಬೆಳಿಗ್ಗೆ ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಟ್ಟು ಜಗಲಿಯ ಮೇಲೆ ಕೂತವಳನ್ನು ನಾನು ಮರೆಯಲಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಒಳಗೆ ಬಂದಳು. ಆ ಮನುಷ್ಯರನ್ನು ಕೇಳಿದ್ದಕ್ಕೆ, "ನಿಮ್ಮ ವಿಶ್ವಾಸ ಸಾಲದಮ್ಮಾ" ಎಂದರಂತೆ. ನೊಂದವರ ಮೇಲೆ ತಪ್ಪನ್ನೂ ಹೊರಿಸಿ ಹೋಗುವ ಈ ಮಾತಿಗಿಂತ ದೊಡ್ಡ ಪಾಪ ಧರ್ಮದ ಹೆಸರಿನಲ್ಲಿ ಕಡಿಮೆ ಎಂದು ನನಗೆ ಅನ್ನಿಸುತ್ತದೆ.

ಬೈಬಲ್ಲಿನಲ್ಲೇ ಇದಕ್ಕೆ ಒಂದು ಕಥೆಯಿದೆ. ಸುಮಾರು 2,600 ವರ್ಷಗಳ ಹಿಂದೆ ಯೆಹೂದ್ಯರಲ್ಲಿ ಅನೇಕರನ್ನು ಬಾಬಿಲೋನಿನವರು ಸೆರೆಹಿಡಿದು ತಮ್ಮ ದೇಶಕ್ಕೆ ಒಯ್ದರು. ಹನನ್ಯ ಎಂಬ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತೀರಿ ಎಂದು ಸಾರಿದ. ಜನಕ್ಕೆ ಎಷ್ಟು ಹಿತವಾಗಿರಬೇಕು! ಆದರೆ ಯೆರೆಮೀಯ ಎಂಬ ಇನ್ನೊಬ್ಬ ಪ್ರವಾದಿ ಸೆರೆಯಲ್ಲಿದ್ದವರಿಗೆ ಕಾಗದ ಬರೆದು, ಎಪ್ಪತ್ತು ವರ್ಷವಾಗುತ್ತದೆ, ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಒಳಿತನ್ನೂ ಬೇಡಿಕೊಳ್ಳಿ ಎಂದು ತಿಳಿಸಿದ. ಸುಳ್ಳಾದದ್ದು ಹಿತವಾದ ಮಾತು. ನಿಂತದ್ದು ಎಪ್ಪತ್ತು ವರ್ಷದ ಮಾತು. ಭರವಸೆಯೆಂದರೆ ದಿನಾಂಕವಲ್ಲ ಎಂಬುದನ್ನು ಈ ಕಥೆಯಿಂದ ನಾನು ಕಲಿತೆ.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕೆಲಸ ಮಾಡುತ್ತಿದ್ದ ವರ್ಷಗಳಲ್ಲಿ ಅದನ್ನು ಕಣ್ಣಾರೆಯೂ ಕಂಡೆ. ಬೈಲಕುಪ್ಪೆಗೆ ಟಿಬೆಟನ್ನರು ಬಂದು ನೆಲೆಸಲು ತೊಡಗಿದ್ದು 1961ರ ಸುಮಾರಿಗೆ. ನಾಲ್ಕು ದಿನವಿದ್ದು ಹಿಂದಿರುಗುವ ಎಣಿಕೆಯಿಂದಲೇ ಅನೇಕರು ಬಂದಿದ್ದಿರಬೇಕು. ಕಾಡು ಕಡಿದು ಹೊಲ ಮಾಡಿದರು, ಮುಸುಕಿನ ಜೋಳ ಬೆಳೆದರು, 1963ರಲ್ಲಿ ನಾಮ್ಡ್ರೋಲಿಂಗ್ ಮಠ ಶುರುವಾಯಿತು. ಇವತ್ತು ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಚಿನ್ನದ ದೇವಾಲಯ ಇರುವುದು ಅಲ್ಲೇ. ಬಸ್ಸಿನಲ್ಲಿ ಪರಿಚಯವಾದ ಅಜ್ಜಿಯೊಬ್ಬರನ್ನು, "ಊರಿಗೆ ವಾಪಸ್ ಹೋಗ್ತೀರಾ ಅಜ್ಜಿ?" ಎಂದು ಕೇಳಿದ್ದೆ. "ಹೋಗಬೇಕು" ಎಂದರು, ನಮ್ಮದೇ ಕನ್ನಡದಲ್ಲಿ. ಸ್ವಲ್ಪ ಹೊತ್ತಾದ ಮೇಲೆ, ಈ ವರ್ಷ ಜೋಳಕ್ಕೆ ಗೊಬ್ಬರ ತಡವಾಯಿತು ಎಂದು ಅದೇ ದನಿಯಲ್ಲಿ ಹೇಳಿದರು. ಹೋಗಬೇಕೆಂಬ ಮಾತಿಗೂ ಗೊಬ್ಬರ ಹಾಕುವ ಮಾತಿಗೂ ಅವರಲ್ಲಿ ಜಗಳವೇ ಇರಲಿಲ್ಲ.

ನನ್ನಲ್ಲಿ ಮಾತ್ರ ಜಗಳವಿತ್ತು. ಅದನ್ನು ಹೇಳದೆ ಇದ್ದರೆ ಈ ಬರಹ ಅವ್ವನ ಸುಳ್ಳು ಹೊಗಳಿಕೆಯಾದೀತು.

2003ರಲ್ಲಿ ಅಪ್ಪ ತೀರಿಕೊಂಡರು. ಬ್ಯಾರನ್ನನ್ನು ಮತ್ತೆ ಕಟ್ಟಿಸಿದ ಮೇಲೆ ಅವರು ರಾತ್ರಿ ಕಾಯುವ ಕೆಲಸವನ್ನು ಇನ್ನೊಬ್ಬರಿಗೆ ಕೊಡಲೇ ಇಲ್ಲ. ಜ್ವರವಿದ್ದರೂ ತಾವೇ ಕೂರುತ್ತಿದ್ದರು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು, "ಒಂದು ಮಾತು ಕಣವ್ವ, ಒಂದೇ ಮಾತು" ಎಂದರು. ಮುಂದೆ ಹೇಳಲಾಗಲಿಲ್ಲ. ಯಾವ ಮಾತೆಂದು ಕೇಳುವ ಅಗತ್ಯವೂ ಇರಲಿಲ್ಲ.

ಅಪ್ಪ ಹೋದ ಮೇಲೆ ಪೌತಿ ಖಾತೆಯ ಪ್ರಶ್ನೆ ಬಂತು. ವಂಶವೃಕ್ಷದಲ್ಲಿ ತಮ್ಮನ ಹೆಸರಿದೆ, ಸಹಿ ಹಾಕಲು ತಮ್ಮನಿಲ್ಲ. ಅಣ್ಣನಿಗೆ ಬ್ಯಾಂಕಿನ ಸಾಲ ಬೇಕಿತ್ತು. ನನಗೂ ಮಗಳ ಓದಿಗೆ ಹಣ ಬೇಕಿತ್ತು. 2007ರಲ್ಲಿ ಹುಣಸೂರಿನ ವಕೀಲರು ದಾರಿ ತೋರಿಸಿದರು. ಒಬ್ಬ ವ್ಯಕ್ತಿ ಬದುಕಿದ್ದರೆ ಯಾರಿಗೆ ಸುದ್ದಿ ತಿಳಿಯಬೇಕೋ ಅವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. 1872ರ ಸಾಕ್ಷ್ಯ ಕಾಯಿದೆಯ 108ನೆಯ ಕಲಮು ಹಾಗೆ ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಮಿನಲ್ಲೂ ಅದೇ ನಿಯಮ ಉಳಿದಿದೆ. ನಮ್ಮ ಕೇಸಿಗೆ ಹದಿಮೂರು ವರ್ಷವಾಗಿತ್ತು. ಅವ್ವ ಬಂದು ಸಾಕ್ಷಿ ಹೇಳಿದರೆ ಸಾಕು ಎಂದರು.

ಅವ್ವ ಒಪ್ಪಲಿಲ್ಲ. "ಏಳು ವರ್ಷ ಆಯ್ತು ಅಂತ ಕೋರ್ಟು ಬೇಕಾದ್ರೆ ಹೇಳ್ಲಿ. ಹೆತ್ತೋಳು ನಾನ್ಯಾಕೆ ಹೇಳ್ಲಿ?" ಎಂದಳು. ನಾನು ಆ ದಿನ ಅವಳ ಮೇಲೆ ಕೂಗಾಡಿದೆ. "ಸತ್ತವನಿಗಾಗಿ ಬದುಕಿರೋರನ್ನ ಯಾಕೆ ಸಾಯಿಸ್ತೀಯ? ಇದು ವಿಶ್ವಾಸ ಅಲ್ಲ, ಹುಚ್ಚು" ಎಂದೆ. ಅವ್ವ ನನ್ನ ಮುಖವನ್ನೇ ನೋಡಿ, "ಅವನು ಬರೋದಿಲ್ಲ ಅಂತ ಆದ್ರೆ ನಿಂಗೆ ಯಾಕವ್ವ ಅಷ್ಟು ಹಗುರ ಆಗುತ್ತೆ?" ಎಂದಳು.

ನಾನು ಎದ್ದು ಹಿತ್ತಲಿಗೆ ಹೋದೆ. ಉತ್ತರ ನನಗೆ ಗೊತ್ತಿತ್ತು. 1994ರಲ್ಲಿ ನಾನು ಬಿ.ಎಡ್. ಮುಗಿಸಿ ನೇಮಕದ ಆದೇಶಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ಆ ರಾತ್ರಿ ಎರಡು ಗಂಟೆಗೆ ಅಲಾರಾಂ ಇಟ್ಟುಕೊಂಡು ಎದ್ದು, ತಮ್ಮನಿಗೆ ಕಾಫಿ ಕೊಟ್ಟು, ಅವನು ಎರಡು ಗಂಟೆ ಮಲಗುವಷ್ಟು ಹೊತ್ತು ನಾನು ಕಾಯಬೇಕೆಂದು ಮಾತಾಗಿತ್ತು. ಅಲಾರಾಂ ಹೊಡೆಯಿತು. ಹೊರಗೆ ಜಿಟಿಜಿಟಿ ಮಳೆ. ಐದು ನಿಮಿಷ ಎಂದುಕೊಂಡು ಅದನ್ನು ಅದುಮಿ ಮಗ್ಗುಲು ಬದಲಿಸಿದೆ. ಮುಂದೆ ಎಚ್ಚರವಾದದ್ದು ಜನರ ಕೂಗಿಗೆ. ಅಪ್ಪ ಹೊಡೆದದ್ದು ಅವನೊಬ್ಬನಿಗೆ. ನಾನು ಬಾಯಿ ಬಿಡಲಿಲ್ಲ. ಅವನೂ ನನ್ನ ಹೆಸರೆತ್ತಲಿಲ್ಲ. ಅವನು ಸತ್ತಿದ್ದಾನೆ ಎಂದು ಕೋರ್ಟು ಹೇಳಿದರೆ ನನ್ನ ಲೆಕ್ಕವೂ ಮುಗಿಯುತ್ತದೆ ಎಂದು ಮನಸ್ಸಿನ ಯಾವ ಮೂಲೆಯಲ್ಲೋ ಅಂದುಕೊಂಡಿದ್ದೆ. ಕರುಣೆಯ ಹೆಸರಿನಲ್ಲಿ ನಾನು ಅವ್ವನ ಕಾಯುವಿಕೆಯನ್ನು ನಿಲ್ಲಿಸಲು ಹೊರಟದ್ದು ನನ್ನ ಸಲುವಾಗಿಯೇ.

ಹದಿನೈದು ದಿನ ಕಳೆದ ಮೇಲೆ ಅವ್ವನೇ, "ಬರ್ತೀನಿ ಕಣವ್ವ. ಮೊಮ್ಮಗಳ ಓದು ನಿಲ್ಲಬಾರ್ದು" ಎಂದಳು. ಕೋರ್ಟಿನಲ್ಲಿ ಕಟಕಟೆ ಹಿಡಿದು ನಿಂತಳು. ಮಗನ ಸುದ್ದಿ ಏನಾದರೂ ಕೇಳಿದ್ದೀರಾ ಎಂದು ವಕೀಲರು ಕೇಳಿದರು. "ಇಲ್ಲ ಬುದ್ಧಿ." ಕಾಗದ ಬಂದಿದೆಯೇ? "ಇಲ್ಲ." ನೋಡಿದವರು ಯಾರಾದರೂ ಇದ್ದಾರೆಯೇ? "ನೋಡ್ದೆ ಅಂದೋರ ಮಾತೆಲ್ಲ ಸುಳ್ಳಾಯ್ತು." ಹಾಗಾದರೆ ಅವನು ಬದುಕಿಲ್ಲ ಎಂದು ನಿಮ್ಮ ನಂಬಿಕೆಯೇ? ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುದ್ದಿ ಇಲ್ಲ ಅನ್ನೋದು ಗೊತ್ತು ಬುದ್ಧಿ. ಗೊತ್ತಿಲ್ದಿದ್ದನ್ನ ಹೆಂಗೆ ಹೇಳ್ಲಿ?" ಎಂದಳು. ನ್ಯಾಯಾಧೀಶರು ಅದನ್ನೇ ಬರೆಸಿಕೊಂಡರು. ಕಾನೂನಿಗೂ ಬೇಕಾಗಿದ್ದದ್ದು ಅಷ್ಟೇ.

ಆ ದಿನ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಭರವಸೆಯುಳ್ಳವರು ಕಣ್ಣು ಮುಚ್ಚಿಕೊಂಡಿರುತ್ತಾರೆ ಎಂದು ನಾನು ತಿಳಿದಿದ್ದೆ. ಅವ್ವ ಒಂದು ಸುಳ್ಳನ್ನೂ ಹೇಳಲಿಲ್ಲ. ಬದುಕಿದ್ದಾನೆ ಎಂದೂ ಹೇಳಲಿಲ್ಲ, ಸತ್ತ ಎಂದೂ ಹೇಳಲಿಲ್ಲ. ಪತ್ರಿಕೆಗೆ ಸುಳ್ಳು ಬರೆಸಲು ಒಪ್ಪದ ಬಾಯಿಯೇ ಇದು. ನಿರೀಕ್ಷೆ ಎಂಬ ಪದದ ಮೂಲದಲ್ಲಿ 'ನೋಡುವುದು' ಎಂಬ ಅರ್ಥವಿದೆ ಎಂದು ಮಕ್ಕಳಿಗೆ ಹೇಳುತ್ತೇನೆ. ನೋಡದೆ ಇರುವುದು ಆಸೆಯಾಗಬಹುದು, ನಿರೀಕ್ಷೆಯಾಗಲಾರದು.

ಪಾಲಾಯಿತು. ಅವ್ವ ತನ್ನ ಪಾಲಿಗೆ ಹುಣಸೆ ಮರದ ಬುಡದ ಹತ್ತು ಗುಂಟೆ ಕೇಳಿ ಬರೆಸಿಕೊಂಡಳು. ಯಾಕವ್ವ ಎಂದು ಅಣ್ಣ ಕೇಳಿದ್ದಕ್ಕೆ, "ಅವನ ಜಾಗ ಅದು. ನಾನು ಕಾಯ್ತೀನಿ" ಎಂದಳು. ಈ 'ಕಾಯ್ತೀನಿ'ಯಲ್ಲಿ ಎದುರು ನೋಡುವುದಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುವುದಿತ್ತು. ಅವ್ವ ಇಷ್ಟು ವರ್ಷವೂ ಮಾಡಿದ್ದು ಇದನ್ನೇ. ಬಾಗಿಲ ಬಣ್ಣ, ಹೆಚ್ಚಿನ ಒಂದು ಮುದ್ದೆ, ಈಗ ಹತ್ತು ಗುಂಟೆ. ಬರುತ್ತಾನೋ ಇಲ್ಲವೋ ಅವಳ ಕೈಯಲ್ಲಿರಲಿಲ್ಲ. ಬಂದರೆ ಅವನಿಗೊಂದು ಜಾಗವಿರುವಂತೆ ನೋಡಿಕೊಳ್ಳುವುದು ಅವಳ ಕೈಯಲ್ಲಿತ್ತು. ನಮ್ಮ ಕನ್ನಡದಲ್ಲಿ ಎದುರು ನೋಡುವುದಕ್ಕೂ ಕಾಪಾಡುವುದಕ್ಕೂ ಒಂದೇ ಪದವಿರುವುದು ಎಷ್ಟು ಅರ್ಥಪೂರ್ಣ! 'ದೇವರು ಕಾಯಲಿ' ಎನ್ನುತ್ತೇವಲ್ಲ, ಅಲ್ಲಿಯೂ ಎರಡು ಅರ್ಥವನ್ನೂ ಇಟ್ಟುಕೊಳ್ಳಬಹುದು. ಯೇಸುಸ್ವಾಮಿ ಹೇಳಿದ ದುಂದುಗಾರ ಮಗನ ಕಥೆಯಲ್ಲಿ, ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಾಣುತ್ತಾನೆ. ದಿನವೂ ದಾರಿ ನೋಡುತ್ತಿದ್ದವನಿಗೆ ಮಾತ್ರ ಅಷ್ಟು ದೂರದಿಂದ ಗುರುತು ಸಿಗುತ್ತದೆ.

ಆದರೆ ನಮ್ಮ ಮನೆಯ ಕಥೆಯಲ್ಲಿ ಮಗ ಬರಲಿಲ್ಲ. ಇದನ್ನು ಮೆದುವಾಗಿ ಹೇಳುವ ದಾರಿ ನನಗೆ ತಿಳಿಯದು. ಕೆಲವು ವರ್ಷ ನನಗೆ ಪ್ರಾರ್ಥನೆ ಮಾಡಲಾಗಲಿಲ್ಲ. ಅವ್ವನ ಪಕ್ಕದಲ್ಲಿ ಜಪಸರ ಹಿಡಿದು ಕೂರುತ್ತಿದ್ದೆ, ತುಟಿ ಮಾತ್ರ ಆಡುತ್ತಿತ್ತು. ಆಗ ನನಗೆ ಆಸರೆಯಾದದ್ದು ಈಸ್ಟರ್ ಹಬ್ಬದ ಹಿಂದಿನ ಶನಿವಾರ. ಶುಕ್ರವಾರ ಯೇಸುಸ್ವಾಮಿಯ ಮರಣ, ಭಾನುವಾರ ಪುನರುತ್ಥಾನ. ನಡುವಿನ ಶನಿವಾರ ಹಗಲು ಗುಡಿಯಲ್ಲಿ ಪೂಜೆಯಿಲ್ಲ, ಬಲಿಪೀಠದ ಮೇಲೆ ಬಟ್ಟೆಯೂ ಇರುವುದಿಲ್ಲ. ಏನೂ ನಡೆಯದ ಒಂದು ದಿನವನ್ನು ಧರ್ಮಸಭೆ ಬೇಕೆಂದೇ ಉಳಿಸಿಕೊಂಡಿದೆ. ಭಾನುವಾರ ಬರುತ್ತದೆಂದು ನಮಗೆ ಗೊತ್ತು. ಆ ಮೊದಲನೆಯ ಶನಿವಾರ ಮಾತೆ ಮರಿಯಳಿಗೂ ಶಿಷ್ಯರಿಗೂ ಅದು ಕ್ಯಾಲೆಂಡರಿನಲ್ಲಿ ಅಚ್ಚಾಗಿರಲಿಲ್ಲ. ನಮ್ಮಲ್ಲಿ ಅನೇಕರ ಬದುಕಿನ ಬಹುಪಾಲು ಇಂಥ ಶನಿವಾರವೇ.

ಯೆರೂಸಲೇಮಿನ ದೇವಾಲಯದಲ್ಲಿ ಬಾಲಯೇಸುವನ್ನು ಕಂಡ ಮುದುಕ ಸಿಮೆಯೋನನ ಮಾತನ್ನೂ ಇಲ್ಲಿ ನೆನೆಯುತ್ತೇನೆ. ಅವನ ಜೊತೆಗೆ ಅನ್ನ ಎಂಬ ಮುದುಕಿಯೂ ಇದ್ದಳು. ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡವಳು. ಇಬ್ಬರೂ ಬದುಕಿನುದ್ದಕ್ಕೂ ಕಾದಿದ್ದರು. ಕಾದದ್ದು ಸಿಕ್ಕಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರಿಗೆ ಸಿಕ್ಕಿದ್ದೇನು? ತಾಯಿಯ ಕೈಯಲ್ಲಿದ್ದ ನಲವತ್ತು ದಿನದ ಒಂದು ಕೂಸು. ಆ ಕೂಸು ಬೆಳೆದು ಮಾಡಿದ ಒಂದು ಕೆಲಸವನ್ನೂ ಅವರು ನೋಡಿದರೆಂದು ಬೈಬಲ್ ಹೇಳುವುದಿಲ್ಲ. 2025ನ್ನು ಕಥೋಲಿಕ ಧರ್ಮಸಭೆ 'ಭರವಸೆಯ ಯಾತ್ರಿಕರು' ಎಂಬ ಹೆಸರಿನಲ್ಲಿ ಜ್ಯೂಬಿಲಿ ವರ್ಷವಾಗಿ ಆಚರಿಸಿತು. ಆ ಹೆಸರು ಕೇಳಿದಾಗಲೆಲ್ಲ ನನಗೆ ಕಾಣಿಸುತ್ತಿದ್ದುದು ತಿಂಗಳಿಗೊಂದು ಮಂಗಳವಾರ ಡೋರ್ನಹಳ್ಳಿ ಬಸ್ಸಿಗೆ ಕೊಡೆ ಹಿಡಿದು ನಿಂತಿರುತ್ತಿದ್ದ ನಮ್ಮವ್ವ.

ಅವ್ವನ ಕೊನೆಯ ವರ್ಷ ನಾನು ಅವಳಿಗೆ ಆ ಅಲಾರಾಮಿನ ವಿಷಯ ಹೇಳಿದೆ. ಇಪ್ಪತ್ತಾರು ವರ್ಷ ನುಂಗಿಕೊಂಡಿದ್ದದ್ದು. ಕಾಲು ಒತ್ತುತ್ತಾ, ಅವಳ ಮುಖ ನೋಡದೆ ಹೇಳಿ ಮುಗಿಸಿದೆ. ಅವ್ವ, "ಗೊತ್ತು" ಎಂದಳು. ಅಲಾರಾಮಿನ ಸದ್ದಿಗೆ ಅವಳಿಗೂ ಎಚ್ಚರವಾಗಿತ್ತಂತೆ. "ನೀನು ಅದುಮಿ ಮಲಗಿದ್ದು ನೋಡ್ದೆ. ಓ‌ದಿ ಓದಿ ಸೊರಗೋಗಿದ್ದೆ, ಮಲ್ಗಿರ್ಲಿ ಅನ್ಕಂಡೆ. ನಾನೇ ಏಳ್ಬೇಕು ಅನ್ಕಂಡೆ. ನಂಗೂ ನಿದ್ದೆ ಬಂತು ಕಣವ್ವ" ಎಂದಳು.

ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳೇ ಗೆತ್ಸೆಮನಿ ತೋಪಿನ ಮಾತೆತ್ತಿದಳು. ತಾನು ಹಿಡಿಯಲ್ಪಡುವ ರಾತ್ರಿ ಯೇಸುಸ್ವಾಮಿ ಮೂವರು ಶಿಷ್ಯರನ್ನು ಎಚ್ಚರವಾಗಿದ್ದು ಕಾಯಿರಿ ಎಂದು ಕೇಳಿಕೊಂಡು, ಮೂರು ಸಲ ಬಂದು ನೋಡಿದರೆ ಮೂರು ಸಲವೂ ಅವರು ನಿದ್ದೆಹೋಗಿದ್ದರು. "ಅವರನ್ನೇನು ಓಡಿಸ್ನಾ ಸ್ವಾಮಿ? ಅವರ ಕೈಲೇ ತಾನೆ ಆಮೇಲೆ ಎಲ್ಲ ಒಪ್ಪಿಸಿದ್ದು" ಎಂದಳು ಅವ್ವ. "ನಿಮ್ಮಪ್ಪಂಗೂ ಇದನ್ನ ಹೇಳ್ಬೇಕಿತ್ತು. ಅವತ್ತು ಹೊಳೀಲಿಲ್ಲ."

ಆ ಮಾತು ಕೇಳಿದ ಮೇಲೆ ನನ್ನ ಪ್ರಶ್ನೆಯ ಉಳಿದರ್ಧವೂ ತಿಳಿಯಿತು. ಕಾಯುವುದು ಗಟ್ಟಿಗರ ಕೆಲಸವೆಂದು ನಾನು ತಿಳಿದಿದ್ದೆ. ವಿಶ್ವಾಸ ಬಲವಾಗಿದ್ದರೆ ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ. ಅವ್ವ ನಿದ್ದೆಹೋದವಳೇ, ನಾನೂ ನಿದ್ದೆಹೋದವಳೇ, ತಮ್ಮನೂ. ನಿದ್ದೆ ಹೋದವರು ಬೆಳಿಗ್ಗೆ ಎದ್ದು ಮತ್ತೆ ಕಾಯಲು ಕೂರಬಹುದು. ಬಾಗಿಲು ಅವರಿಗೂ ತೆರೆದಿರುತ್ತದೆ. ನಮ್ಮ ಮನೆಯಲ್ಲಿ ತಮ್ಮನಿಗೆ ಸಿಗದೆ ಹೋದದ್ದು ಅದೊಂದೇ.

ಅವ್ವ ಆ ಹತ್ತು ಗುಂಟೆಯನ್ನು ನನ್ನ ಹೆಸರಿಗೆ ಬರೆದಿದ್ದಾಳೆ. ಅಲ್ಲಿ ಹೊಗೆಸೊಪ್ಪು ಹಾಕುವುದಿಲ್ಲ. ರಾಗಿ ಹಾಕಿಸುತ್ತೇನೆ, ಸಾಲಿನ ನಡುವೆ ಅವರೆ. ಸೊಪ್ಪು ಬೇಯಿಸುವ ಕಾಲಕ್ಕೆ ನಮ್ಮ ಕಡೆಯ ಬ್ಯಾರನ್ನುಗಳಿಗೆ ಹೊರ ಊರುಗಳಿಂದ ಹುಡುಗರು ಕೂಲಿಗೆ ಬರುತ್ತಾರೆ. ಅಣ್ಣನ ಬ್ಯಾರನ್ನಿಗೆ ಬಂದವರ ರಾತ್ರಿಯ ಊಟ ಆ ರಾಗಿಯಿಂದಲೇ ಆಗಬೇಕೆಂದು ನಾನು ಹಟ ಹಿಡಿದಿದ್ದೇನೆ. ಶನಿವಾರ ಊರಿಗೆ ಹೋದರೆ ನಾನೇ ಮುದ್ದೆ ಕಟ್ಟಿ, ಸೊಪ್ಪಿನ ಸಾರಿನ ಜೊತೆಗೆ ಒಯ್ಯುತ್ತೇನೆ. ಹುಡುಗರು ನಾಚಿಕೊಂಡು ಉಣ್ಣುತ್ತಾರೆ. ಹೊಸದಾಗಿ ಬಂದವನನ್ನು ತಪ್ಪದೆ, "ಮನೆಗೆ ಫೋನ್ ಮಾಡಿದ್ಯೇನೋ?" ಎಂದು ಕೇಳುತ್ತೇನೆ. ಕಳೆದ ಸಲ ಒಬ್ಬ ಉತ್ತರ ಕೊಡದೆ ತಟ್ಟೆ ನೋಡಿಕೊಂಡು ಕೂತ. ಇಪ್ಪತ್ತರ ಆಸುಪಾಸಿನವನು. ನನ್ನ ಫೋನನ್ನೇ ಅವನ ಪಕ್ಕದಲ್ಲಿಟ್ಟು, ಮುಂದಿನವನಿಗೆ ಬಡಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಹುಣಸೆ ಮರದ ಕಡೆಗೆ ನಡೆದು, ಬೆನ್ನು ತಿರುಗಿಸಿ ನಿಂತು, ಮೆಲ್ಲಗೆ ಯಾರೊಡನೆಯೋ ಮಾತಾಡುತ್ತಿದ್ದ.

ಎರಡು ಗಂಟೆಗೆ ನನ್ನನ್ನು ಎಬ್ಬಿಸಿ ಎಂದು ಹೇಳಿ ಒಳಗೆ ಬಂದೆ. ಈಗಲೂ ಸೀಸನ್ನಿನಲ್ಲಿ ಊರಿಗೆ ಹೋದ ರಾತ್ರಿ ಎರಡರಿಂದ ನಾಲ್ಕರವರೆಗೆ ಬ್ಯಾರನ್ ಕಾಯುವವಳು ನಾನೇ. ಅಣ್ಣ ನಗುತ್ತಾನೆ. ನಗಲಿ.